ಕೇಕಿನ ಮೇಲಿನ ಕುಸುರು: ಬಣ್ಣದ ಸಕ್ಕರೆಕಾಳು ಮನೆಯಲ್ಲೇ ಆಗದೇ?

ಕೇಕು ಈಗ ನಮ್ಮ ಮನೆಗಳಿಗೆ ಹೊಸದಲ್ಲ. ಮಕ್ಕಳ ಹುಟ್ಟುಹಬ್ಬ ಬಂದರೆ ಪಾಯಸದ ಜೊತೆಗೆ ಕೇಕೂ ಆಗಬೇಕು. ಓವನ್ ಇಲ್ಲದಿದ್ದರೂ ದಪ್ಪ ತಳದ ಪಾತ್ರೆಯಲ್ಲಿ ಮರಳು ಹಾಸಿ, ಅದರ ಮೇಲೆ ತಟ್ಟೆಯಿಟ್ಟು ಕೇಕು ಬೇಯಿಸುವ ಜಾಣೆಯರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹಿಟ್ಟು ಮನೆಯದು, ಬೆಣ್ಣೆ ಮನೆಯದು, ಶ್ರಮವೂ ಮನೆಯದೇ. ಆದರೆ ಕೊನೆಗೆ ಅದರ ಮೇಲೆ ಉದುರಿಸುವ ಕೆಂಪು, ಹಳದಿ, ಹಸಿರು ಸಕ್ಕರೆಕಾಳು ಮಾತ್ರ ಅಂಗಡಿಯ ಸಣ್ಣ ಸೀಸೆಯಿಂದಲೇ ಬರಬೇಕು. ಅದನ್ನು ಮನೆಯಲ್ಲಿ ಮಾಡಲಾಗದು, ಅದೇನೋ ಯಂತ್ರದ ಕೆಲಸ ಎಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ.

ಈ ಭಾವನೆ ಸರಿಯಲ್ಲ. ಸಕ್ಕರೆಯ ಪಾಕವನ್ನು ಕಾಳಿನ ಮೇಲೆ ತೊಟ್ಟು ತೊಟ್ಟಾಗಿ ಹತ್ತಿಸುವ ವಿದ್ಯೆ ಕನ್ನಡದ ಮನೆಗಳಲ್ಲಿ ಹಿಂದಿನಿಂದ ಇದ್ದುದೇ. ಉತ್ತರ ಕರ್ನಾಟಕದಲ್ಲಿ ಸಂಕ್ರಾಂತಿಗೆ ಹಂಚುವ ಕುಸುರೆಳ್ಳು ಇನ್ನೇನು? ಮೈಯೆಲ್ಲ ಬಿಳಿಯ ಪುಟ್ಟ ಮುಳ್ಳುಗಳೆದ್ದ ಆ ಎಳ್ಳಿನಿಂದ ಸರ, ಬಳೆಗಳನ್ನು ಪೋಣಿಸಿ ಎಳೆಯ ಮಕ್ಕಳಿಗೂ ಹೊಸ ಮದುಮಗಳಿಗೂ ತೊಡಿಸುವುದುಂಟು. ನಮ್ಮ ಕರಾವಳಿಯಲ್ಲಿ ಮಕ್ಕಳು ಅಂಗಡಿಯ ಭರಣಿಯಿಂದ ಕೊಂಡು ತಿನ್ನುವ ಜೀರಿಗೆ ಮಿಠಾಯಿ ಕೂಡ ಇದೇ ಜಾತಿಯದು. ನಡುವೆ ಒಂದು ಕಾಳು, ಸುತ್ತ ಸಕ್ಕರೆ. ಕೇಕಿನ ಮೇಲೆ ಉದುರಿಸುವ ಉರುಟು ಬಣ್ಣದ ಕಾಳಿನ ಗುಟ್ಟೂ ಇಷ್ಟೇ.

ಕೇಕೂ ಸಕ್ಕರೆಯೂ ಬಂದ ದಾರಿ

ಕೇಕು ನಮಗೆ ಬಂದದ್ದು ದೂರದಿಂದೇನೂ ಅಲ್ಲ, ನೆರೆಯ ತಲಶ್ಶೇರಿಯಿಂದ. ಮಾಂಬಳ್ಳಿ ಬಾಪು ಎಂಬವರು 1880ರಲ್ಲಿ ಅಲ್ಲಿ ರಾಯಲ್ ಬಿಸ್ಕತ್ತು ಫ್ಯಾಕ್ಟರಿ ತೆರೆದರು. ಅಂಜರಕಂಡಿಯ ತೋಟದ ಮರ್ಡೋಕ್ ಬ್ರೌನ್ ಎಂಬ ಆಂಗ್ಲರು 1883ರಲ್ಲಿ ವಿಲಾಯತಿನ ಕೇಕೊಂದನ್ನು ತೋರಿಸಿ ಅಂಥದೇ ಬೇಕೆಂದು ಕೇಳಿದಾಗ, ಬಾಪು ಆ ವರ್ಷದ ಕ್ರಿಸ್ಮಸ್ಸಿಗೆ ಮಾಡಿಕೊಟ್ಟರೆಂದು ಹೇಳುತ್ತಾರೆ. ಕಂಡದ್ದನ್ನು ಕೈಯಾರೆ ಮಾಡಿ ನೋಡುವ ಧೈರ್ಯದಿಂದಲೇ ಈ ತಿಂಡಿ ನಮ್ಮ ಕರಾವಳಿಯಲ್ಲಿ ನೆಲೆಯೂರಿತು.

ಇನ್ನು ಸಕ್ಕರೆಯ ವಿಷಯ. ಭಾರತದ ಕಬ್ಬಿನ ಗದ್ದೆಗಳ ಚರಿತ್ರೆಯಲ್ಲಿ ಕೊಯಮತ್ತೂರಿಗೆ ದೊಡ್ಡ ಹೆಸರು. 1912ರಲ್ಲಿ ಅಲ್ಲಿ ಕಬ್ಬಿನ ತಳಿ ಸಂಶೋಧನಾ ಕೇಂದ್ರ ಆರಂಭವಾಯಿತು. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಅವರು ರಸಭರಿತ ನಾಡಕಬ್ಬಿಗೆ ಕಾಡುಕಬ್ಬನ್ನು ಕೂಡಿಸಿ ಎಬ್ಬಿಸಿದ ಕೋ 205 ಎಂಬ ತಳಿ 1918ರಲ್ಲಿ ರೈತರ ಕೈಸೇರಿತು. ‘ಕೋ’ ಎಂದರೆ ಕೊಯಮತ್ತೂರು. ತಲಶ್ಶೇರಿಯಲ್ಲಿ 1897ರಲ್ಲಿ ಹುಟ್ಟಿದ ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ 1934ರಲ್ಲಿ ಕಬ್ಬಿನ ಸಂಶೋಧನೆಗೆಂದು ಸೇರಿದ್ದು ಇದೇ ಕೇಂದ್ರಕ್ಕೆ.

ಕಾರಮಡೈಯ ಒಂದು ಮನೆ

ಕೊಯಮತ್ತೂರಿನಿಂದ ಮೇಟುಪಾಳ್ಯಕ್ಕೆ ಹೋಗುವ ರೈಲಿನ ದಾರಿಯಲ್ಲಿ, ನೀಲಗಿರಿಯ ಬುಡದಲ್ಲಿ ಕಾರಮಡೈ ಸಿಗುತ್ತದೆ. ರಂಗನಾಥಸ್ವಾಮಿ ದೇವಸ್ಥಾನಕ್ಕೂ ಮಾಸಿ ತಿಂಗಳ ತೇರಿಗೂ ಹೆಸರಾದ ಊರು. ಸುತ್ತಿನ ತೋಟಗಳಲ್ಲಿ ಕರಿಬೇವು ಬೆಳೆಯುತ್ತಾರೆ. ಈ ಸೀಮೆಯಲ್ಲಿ ತಲೆತಲಾಂತರದಿಂದ ಕನ್ನಡ ಮಾತನಾಡುವ ಒಕ್ಕಲಿಗರೂ ನೇಕಾರ ದೇವಾಂಗದವರೂ ಇದ್ದಾರೆ. 1956ರ ನವೆಂಬರ್ 1ಕ್ಕೆ ಮೊದಲು ದಕ್ಷಿಣ ಕನ್ನಡದವರಾದ ನಾವೂ ಕೊಯಮತ್ತೂರಿನವರಾದ ಅವರೂ ಒಂದೇ ಮದರಾಸು ಆಡಳಿತಕ್ಕೆ ಸೇರಿದ್ದೆವು. ಅಂದಿನ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು, ಕಾಸರಗೋಡು ಕೇರಳಕ್ಕೆ ಸೇರಿತು, ಕಾರಮಡೈಯ ಕನ್ನಡಿಗರು ಇದ್ದಲ್ಲೇ ಉಳಿದರು.

ಅಲ್ಲಿನ ಒಂದು ನೇಕಾರರ ಮನೆಗೆ ನಾವು ಹೋಗಿದ್ದೆವು. ಸೊಸೆ ಮೊಮ್ಮಗುವಿನ ಹುಟ್ಟುಹಬ್ಬಕ್ಕೆ ಕೇಕು ಮಾಡಿದ್ದರು. ಅದರ ಮೇಲಿನ ಬಣ್ಣದ ಸಕ್ಕರೆಯನ್ನೂ ಮನೆಯಲ್ಲೇ ಮಾಡಿದ್ದು ನೋಡಿ ಕುತೂಹಲದಿಂದ ವಿಚಾರಿಸಿದೆವು. ಅದು ಅತ್ತೆಯವರ ಹಟವಂತೆ. ಆ ವೃದ್ಧೆ ಎಳೆವಯಸ್ಸಿನಿಂದ ನೂಲಿನ ಬಣ್ಣಗಳ ನಡುವೆ ಬದುಕಿದವರು. ಬಣ್ಣ ಒಮ್ಮೆ ಕೈಗೆ ಹತ್ತಿದರೆ ಎಷ್ಟು ದಿನ ಹೋಗುವುದಿಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೂಲಿಗೆ ಹಾಕುವುದು ನೂಲಿಗೇ ಇರಲಿ, ಮಗುವಿನ ಬಾಯಿಗೆ ಬೇಡ ಎಂಬುದು ಅವರ ತೀರ್ಮಾನ.

ಪಾಕದ ಹದ ನೋಡುವ ಅಧಿಕಾರವೂ ಅವರದೇ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಪಾಕವನ್ನು ಹಿಗ್ಗಿಸಿ, ಎಳೆ ನಿಂತಿತೋ ಕಡಿಯಿತೋ ಎಂದು ನೋಡುತ್ತಾರೆ. ಮಗ್ಗದ ಎಳೆಯನ್ನು ನೋಡಿದ ಕಣ್ಣಿಗೆ ಪಾಕದ ಎಳೆ ಯಾವ ಲೆಕ್ಕ! ಸೊಸೆ ಈ ಕ್ರಮವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಮಾತು ಅಚ್ಚ ಕನ್ನಡ, ಲಿಪಿ ಮಾತ್ರ ತಮಿಳು. ಕನ್ನಡ ಅಕ್ಷರ ಕಲಿತವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಕಕಾರ ಗಕಾರಗಳಿಗೆ, ಪಕಾರ ಬಕಾರಗಳಿಗೆ ತಮಿಳಿನಲ್ಲಿ ಒಂದೇ ಅಕ್ಷರ. ಆದ್ದರಿಂದ ‘ಗಟ್ಟಿ’ ಎಂಬುದನ್ನು ‘ಕಟ್ಟಿ’ ಎಂದೂ, ‘ಬಿಳಿ’ ಎಂಬುದನ್ನು ‘ಪಿಳಿ’ ಎಂದೂ ಓದಬಹುದು. ಅಜ್ಜಿ ಪಕ್ಕದಲ್ಲಿರುವವರೆಗೆ ತೊಂದರೆಯಿಲ್ಲ. ಮೊಮ್ಮಗು ದೊಡ್ಡದಾಗಿ ಪುಸ್ತಕ ತೆರೆದಾಗ ಓದುವುದೇನನ್ನು?

ಮಾತೇ ಅಳತೆ

ಇದು ಸಣ್ಣ ಮಾತೆಂದು ತಳ್ಳುವಂತಿಲ್ಲ. ಒಂದೆಳೆ ಪಾಕ, ಎರಡೆಳೆ ಪಾಕ, ಉಂಡೆ ಪಾಕ ಎಂಬ ಮಾತುಗಳು ನಮ್ಮ ಅಡುಗೆಮನೆಯ ಉಷ್ಣಮಾಪಕಗಳು. ನೀರು 100 ಡಿಗ್ರಿಗೆ ಕುದಿಯುತ್ತದೆ. ಸಕ್ಕರೆ ಕರಗಿದ ನೀರು ಇಂಗುತ್ತಾ ಬಂದಂತೆ ಅದರ ಕುದಿಯುವ ಬಿಸಿ ಏರುತ್ತಾ ಹೋಗುತ್ತದೆ. ಒಂದೆಳೆ ಪಾಕ ಎಂದರೆ ಸುಮಾರು 105 ಡಿಗ್ರಿ. ತಣ್ಣೀರಿನಲ್ಲಿ ಬಿಟ್ಟರೆ ಮೆತ್ತನೆಯ ಉಂಡೆಯಾಗುವ ಪಾಕಕ್ಕೆ ಸುಮಾರು 115. ತಮಿಳರು ‘ಕಂಬಿ ಪದಂ’ ಎನ್ನುತ್ತಾರೆ, ಮಲಯಾಳಿಗಳು ‘ನೂಲ್ ಪರುವಂ’ ಎನ್ನುತ್ತಾರೆ. ಮೂವರೂ ನೂಲಿನಂಥ ಎಳೆಯಿಂದಲೇ ಅಳೆದವರು. ನಮ್ಮ ಮಗುವಿಗೆ ‘ಎಳೆ’ ಎಂಬ ಮಾತು ಹೋದರೆ ಅದರೊಂದಿಗೆ ಆ ಅಳತೆಯೂ ಹೋಯಿತೆಂದೇ ತಿಳಿಯಬೇಕು.

ಬಣ್ಣದ ವಿಚಾರ

ಅಂಗಡಿಯ ಕಾಳುಗಳೆಲ್ಲ ವಿಷವೆಂದು ನಾವು ಹೇಳುವುದಿಲ್ಲ. ಕೆಲವು ಕೃತಕ ಬಣ್ಣಗಳಿಗೆ ಕಾನೂನಿನ ಒಪ್ಪಿಗೆಯಿದೆ, ಅವುಗಳಿಗೆ ಮಿತಿಯೂ ಇದೆ. ಆದರೆ ಮಿತಿ ಮೀರುವವರೂ ಇದ್ದಾರೆ, ಒಪ್ಪಿಗೆಯೇ ಇಲ್ಲದ ಬಣ್ಣ ಬೆರೆಸುವವರೂ ಇದ್ದಾರೆ. ಬಟ್ಟೆಗೆ ಹಾಕುವ ರೋಡಮೈನ್-ಬಿ ಎಂಬ ಗುಲಾಬಿ ಬಣ್ಣ ಮಕ್ಕಳು ತಿನ್ನುವ ಬೊಂಬಾಯಿ ಮಿಠಾಯಿಯಲ್ಲಿ ಕಂಡುಬಂದುದರಿಂದ 2024ರ ಫೆಬ್ರವರಿಯಲ್ಲಿ ತಮಿಳುನಾಡು ಅದರ ಮಾರಾಟವನ್ನೇ ನಿಷೇಧಿಸಿತು. ಮಾರ್ಚಿಯಲ್ಲಿ ಕರ್ನಾಟಕವೂ ಆ ಮಿಠಾಯಿಗೆ ಕೃತಕ ಬಣ್ಣ ಹಾಕಬಾರದೆಂದು ಆಜ್ಞೆ ಹೊರಡಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕು ಮಾದರಿಗಳಲ್ಲಿ 12 ಸುರಕ್ಷಿತವಲ್ಲವೆಂದು ತಿಳಿದುಬಂತು. ಹೆಚ್ಚಿನವು ಒಳ್ಳೆಯವೇ ಎಂಬುದು ಸಮಾಧಾನ. ಆದರೆ ಆ ಹನ್ನೆರಡು ಯಾವುವೆಂದು ತಿನ್ನುವ ಮಗುವಿಗೆ ತಿಳಿಯುವುದಿಲ್ಲವಷ್ಟೆ.

ನಮ್ಮ ಹಿತ್ತಿಲಿನಲ್ಲಿ ಬಣ್ಣಕ್ಕೇನು ಬರಗಾಲವೇ? ಕೆಂಪಿಗೆ ಬೀಟ್‌ರೂಟ್ ಇದೆ, ಪುನರ್ಪುಳಿಯ ಸಿಪ್ಪೆಯಿದೆ. ಮಕ್ಕಳು ಕೈಯೆಲ್ಲ ಮಾಡಿಕೊಂಡು ಶಾಯಿಯಂತೆ ಆಡುವ ಬಸಳೆಯ ಹಣ್ಣು ನೇರಳೆಗೆಂಪು ಕೊಡುತ್ತದೆ. ಹಳದಿಗೆ ಚಿಟಿಕೆ ಅರಸಿನ. ನೀಲಿಗೆ ಶಂಖಪುಷ್ಪದ ಹತ್ತು ಹನ್ನೆರಡು ಹೂಗಳನ್ನು ಎರಡು ಚಮಚ ಬಿಸಿನೀರಿನಲ್ಲಿ ನೆನೆಸಿದರೆ ಸಾಕು. ಆ ನೀಲಿಗೆ ಲಿಂಬೆಯ ಹನಿ ಬಿದ್ದೊಡನೆ ನೇರಳೆಯಾಗುವುದನ್ನು ಮಕ್ಕಳಿಗೆ ತೋರಿಸಿ. ಆಮ್ಲದ ಪಾಠ ಅಡುಗೆಮನೆಯಲ್ಲೇ ಆಗಿಹೋಗುತ್ತದೆ. ಇವು ಅಂಗಡಿಯ ಬಣ್ಣದಷ್ಟು ಕಣ್ಣು ಕುಕ್ಕುವುದಿಲ್ಲ. ಒಲೆಯ ಬಿಸಿಗೆ ಬೀಟ್‌ರೂಟ್ ಮಂಕಾಗುತ್ತದೆ, ಸೋಡಾ ಹೆಚ್ಚಾದ ಕೇಕಿನ ಮೇಲೆ ಅರಸಿನ ಕೆಂಪಗಾಗುತ್ತದೆ. ಆದುದರಿಂದ ಇಂಥ ಸಕ್ಕರೆಯನ್ನು ಕೇಕು ಬೆಂದು ತಣಿದ ಮೇಲೆ, ತಿನ್ನುವ ಹೊತ್ತಿಗೆ ಸರಿಯಾಗಿ ಉದುರಿಸಬೇಕು.

ಮಾಡುವ ಕ್ರಮ

ಮೊದಲನೆಯದು, ಬಣ್ಣದ ಹರಳು ಸಕ್ಕರೆ. ಇದು ಎಲ್ಲಕ್ಕಿಂತ ಸುಲಭ. ಕಾಲು ಕಿಲೋ ದಪ್ಪ ಹರಳಿನ ಸಕ್ಕರೆಗೆ ಒಂದು ಸಣ್ಣ ಚಮಚ ಮಂದವಾದ ಬಣ್ಣದ ರಸ ಸಾಕು. ಬೀಟ್‌ರೂಟನ್ನು ತುರಿದು ಹಿಂಡಿ, ಎರಡು ಹನಿ ಲಿಂಬೆರಸ ಸೇರಿಸಿ, ಸಣ್ಣ ಉರಿಯಲ್ಲಿ ಕಾಲುಭಾಗಕ್ಕೆ ಇಂಗಿಸಿ ತಣಿಸಿಕೊಳ್ಳಬೇಕು. ರಸವನ್ನು ಹನಿಹನಿಯಾಗಿ ಹಾಕಿ ಬೆರಳಿನಿಂದ ಉಜ್ಜಿ, ತಟ್ಟೆಯಲ್ಲಿ ತೆಳ್ಳಗೆ ಹರಡಿ, ರಾತ್ರಿಯೆಲ್ಲ ನೆರಳಿನಲ್ಲಿ ಒಣಗಿಸಿ, ಬೆಳಿಗ್ಗೆ ಬಿಡಿಬಿಡಿಯಾಗಿ ಮಾಡಿ. ರಸ ಏಕೆ ಇಷ್ಟು ಕಡಿಮೆ ಎಂದರೆ, ಒಂದು ತೂಕದ ನೀರು ತನ್ನ ಎರಡರಷ್ಟು ಸಕ್ಕರೆಯನ್ನು ಕರಗಿಸಿಬಿಡುತ್ತದೆ. ಕೈ ಜಾರಿದರೆ ಹರಳು ಹೋಗಿ ಪಾಕವಾದೀತು.

ಎರಡನೆಯದು, ಕಡ್ಡಿಕಾಳು. ಸಕ್ಕರೆಯನ್ನು ನುಣ್ಣಗೆ ಪುಡಿಮಾಡಿ ವಸ್ತ್ರಗಾಳಿತ ಮಾಡಿ. ಒಂದು ಲೋಟ, ಅಂದರೆ ಸುಮಾರು 125 ಗ್ರಾಂ ಪುಡಿಗೆ ಒಂದು ಚಮಚ ಜೋಳದ ಹಿಟ್ಟು, ಮೂರು ನಾಲ್ಕು ಸಣ್ಣ ಚಮಚ ನೀರು ಅಥವಾ ಬಣ್ಣದ ರಸ ಸೇರಿಸಿ ಗಟ್ಟಿಯಾಗಿ ಕಲಸಿ. ನೀರನ್ನು ಒಮ್ಮೆಲೇ ಸುರಿಯಬಾರದು. ಬೆಣ್ಣೆ ಕಾಗದವನ್ನು ಕಡಲೆಪೊಟ್ಟಣದಂತೆ ಸುತ್ತಿ, ತುದಿಯನ್ನು ಸೂಜಿಯ ಮೊನೆಯಷ್ಟು ಕತ್ತರಿಸಿ, ಇನ್ನೊಂದು ಕಾಗದದ ಮೇಲೆ ಉದ್ದುದ್ದ ಗೆರೆಗಳನ್ನು ಎಳೆಯಿರಿ. ಒಂದು ಹಗಲು ಒಂದು ರಾತ್ರಿ ಒಣಗಿದ ಮೇಲೆ ಬೆರಳಿನಿಂದ ತುಂಡು ಮಾಡಿದರೆ ಅಂಗಡಿಯದೇ ಕಡ್ಡಿಕಾಳು. ಕೆಲವರು ಇದಕ್ಕೆ ಹಸಿ ಮೊಟ್ಟೆಯ ಬಿಳಿಯನ್ನು ಹಾಕುತ್ತಾರೆ. ಚಿಕ್ಕ ಮಕ್ಕಳಿರುವ ಮನೆಗೆ ಅದು ಬೇಡ. ಕಾರಮಡೈಯ ಮನೆಯಲ್ಲಿ ನಾವು ಕಂಡದ್ದು ನೀರಿನಲ್ಲಿ ಕಲಸಿದ ಈ ಬಗೆ.

ಮೂರನೆಯದು, ಉರುಟುಕಾಳು. ಇದು ಕುಸುರೆಳ್ಳಿನ ದಾರಿ, ತಾಳ್ಮೆ ಬೇಕು. ಎಳ್ಳನ್ನು, ತೀರ ಸಣ್ಣ ಕಾಳು ಬೇಕಿದ್ದರೆ ಗಸಗಸೆಯನ್ನು, ಹಗುರವಾಗಿ ಹುರಿದುಕೊಳ್ಳಿ. ಒಂದು ಲೋಟ ಸಕ್ಕರೆಗೆ ಮುಕ್ಕಾಲು ಲೋಟ ನೀರು ಹಾಕಿ ಕುದಿಸಿ, ಒಂದು ಚಮಚ ಹಾಲು ಬಿಟ್ಟು ಮೇಲೆ ಬಂದ ಕೊಳೆಯನ್ನು ತೆಗೆದು, ಒಂದೆಳೆ ಬರುವುದಕ್ಕೆ ಸ್ವಲ್ಪ ಮೊದಲೇ ಇಳಿಸಿ ಸೋಸಿ. ಅಗಲ ತಳದ ಪಾತ್ರೆಯನ್ನು ಬೂದಿ ಮುಚ್ಚಿದ ಕೆಂಡದಂಥ ಸಣ್ಣ ಬಿಸಿಯ ಮೇಲಿಟ್ಟು, ಕಾಳಿನ ಮೇಲೆ ಅರ್ಧ ಚಮಚ ಪಾಕ ಬಿಟ್ಟು ಒಣಗುವ ತನಕ ಕೈಯಾಡಿಸಿ. ಒಣಗಿತೇ, ಮತ್ತೆ ಅರ್ಧ ಚಮಚ. ಹೀಗೆ ದಿನಕ್ಕೆ ಒಂದೆರಡು ತಾಸು, ಮೂರು ನಾಲ್ಕು ದಿನ. ಮೊದಲು ಹತ್ತಿದ ಸಕ್ಕರೆಯ ಹರಳು ಮುಂದಿನ ಹರಳಿಗೆ ಆಸರೆಯಾಗುತ್ತಾ ಪದರದ ಮೇಲೆ ಪದರ ಬೆಳೆಯುತ್ತದೆ. ಪಾಕ ಬಿಡುವುದು, ಬಿಸಿಪಾತ್ರೆಯಲ್ಲಿ ಕೈಯಾಡಿಸುವುದು ದೊಡ್ಡವರ ಕೆಲಸ. ಎಣಿಸುವುದು, ಬಣ್ಣ ಆರಿಸುವುದು ಮಕ್ಕಳದ್ದಾಗಲಿ.

ಬಪ್ಪಂಗಾಯಿಯ ತುಂಡನ್ನೂ ಇಲ್ಲಿ ನೆನೆಯಬೇಕು. ಬ್ರೆಡ್ಡು, ಕೇಕುಗಳಲ್ಲಿ ಸಿಗುವ ಕೆಂಪು ಹಸಿರು ಚೌಕತುಂಡುಗಳು ಬಹುಮಟ್ಟಿಗೆ ಹಸಿ ಬಪ್ಪಂಗಾಯಿಯೇ. ಕಾಯಿಯ ಹಾಲಿನಿಂದ ತೆಗೆಯುವ ಪಪೈನಿಗಾಗಿ ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯ ಕೋ 2, ಕೋ 5 ಮೊದಲಾದ ತಳಿಗಳನ್ನು ಬೆಳೆಸಿದೆ. ಹಾಲು ತೆಗೆದು ಗೀರು ಬಿದ್ದ ಕಾಯಿ ಸಂತೆಯಲ್ಲಿ ಚಂದ ಕಾಣದಿದ್ದರೂ ಪಾಕಕ್ಕೆ ಏನೂ ಕುಂದಿಲ್ಲ. ನಮ್ಮ ಹಿತ್ತಿಲ ಕಾಯಿಯನ್ನೂ ಹೀಗೆ ಬಳಸಬಹುದು. ಅರ್ಧ ಕಿಲೋ ತುಂಡುಗಳನ್ನು ನೀರಿನಲ್ಲಿ ಅರೆಬೇಯಿಸಿ ಬಸಿದು, 400 ಗ್ರಾಂ ಸಕ್ಕರೆಯ ಪಾಕದಲ್ಲಿ ಒಂದೆಳೆ ಬರುವವರೆಗೆ ಕುದಿಸಿ, ತಣಿದ ಮೇಲೆ ಬಣ್ಣದ ರಸ ಬೆರೆಸಿ ರಾತ್ರಿ ಬಿಟ್ಟು, ಮರುದಿನ ಬಸಿದು ಒಣಗಿಸಿದರಾಯಿತು.

ಮಳೆಗಾಲದ ಎಚ್ಚರಿಕೆಯೊಂದಿದೆ. ಗಾಳಿಯ ತೇವ ನೂರಕ್ಕೆ 85ರ ಸಮೀಪ ಬಂದರೆ ಸಕ್ಕರೆ ತಾನಾಗಿ ನೀರೊಡೆಯುತ್ತದೆ. ನಮ್ಮ ಆಟಿ ತಿಂಗಳಲ್ಲಿ ತೇವ ಅದಕ್ಕೂ ಮೇಲೇರುವುದುಂಟು. ಆದುದರಿಂದ ಈ ಕೆಲಸಕ್ಕೆ ಡಿಸೆಂಬರ್, ಜನವರಿಯ ಒಣ ಹವೆಯೇ ಒಳ್ಳೆಯದು. ಬಿಗಿ ಮುಚ್ಚಳದ ಸೀಸೆಯಲ್ಲಿ, ಹುರಿದ ಅಕ್ಕಿಯ ಸಣ್ಣ ಗಂಟೊಂದನ್ನು ಜೊತೆಗಿಟ್ಟು ಕಾಪಾಡಿ.

ಕ್ರಿಸ್ಮಸ್ಸೂ ಸಂಕ್ರಾಂತಿಯೂ ಬರುವುದು ಅದೇ ಹವೆಯಲ್ಲಿ, ಮಕ್ಕಳಿಗೂ ಆಗ ಕೆಲವು ದಿನ ರಜೆ ಇರುತ್ತದೆ. ಮಲಯಾಳ ಮಾಧ್ಯಮದಲ್ಲಿ ಕಲಿಯಲಿ, ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯಲಿ, ಅವರನ್ನು ಅಡುಗೆಮನೆಗೆ ಕರೆದು ಕೂರಿಸಿಕೊಳ್ಳೋಣ. ಎಳೆ ಹಿಡಿದು ನೋಡುವುದನ್ನು ಕಲಿಸೋಣ. ಕೆಲಸ ಮುಗಿದ ಮೇಲೆ ಕ್ರಮವನ್ನೆಲ್ಲ ಅವರ ಕೈಯಿಂದಲೇ ಕನ್ನಡ ಅಕ್ಷರದಲ್ಲಿ ಬರೆಯಿಸಿ, ಸೀಸೆಯ ಮೇಲೂ ‘ಕಡ್ಡಿಕಾಳು’, ‘ಉರುಟುಕಾಳು’ ಎಂದು ಚೀಟಿ ಅಂಟಿಸೋಣ. ಮನೆಯಲ್ಲಿ ಈ ಅಕ್ಷರ ಓದಬಲ್ಲವರು ಇನ್ನೂ ಇದ್ದಾರೆ; ಅವರು ಇರುವಾಗಲೇ ಆಗಬೇಕಾದ ಕೆಲಸವಿದು.