ನಡುಗುವ ಹಳೆಯ ಕಾರಿನ ನಾಡಿ ಹಿಡಿಯುವುದು ಹೇಗೆ?

ರಾಯಚೂರು, ದೇವದುರ್ಗ, ಮಾನ್ವಿಯ ಕಡೆ ಒಂದು ಕಾಲಕ್ಕೆ ಕಾರು ಎಂದರೆ ಅಂಬಾಸಿಡರ್. ಮದುವೆಯ ದಿಬ್ಬಣಕ್ಕೂ ಅದೇ, ಸಾಹೇಬರ ಸವಾರಿಗೂ ಅದೇ, ನಡುರಾತ್ರಿ ರೋಗಿಯನ್ನು ದವಾಖಾನೆಗೆ ಒಯ್ಯಲಿಕ್ಕೂ ಅದೇ. 1950ರ ದಶಕದ ಕೊನೆಯಲ್ಲಿ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗತೊಡಗಿದ ಈ ಕಾರಿನ ಉತ್ಪಾದನೆ 2014ರಲ್ಲಿ ನಿಂತಿತು. ಅಜ್ಜನ ಕಾಲದ ಇಂಥ ಕಾರನ್ನು ಶೆಡ್ಡಿನಿಂದ ಹೊರಗೆಳೆದು, ತುಕ್ಕು ಕೆರೆದು, ಬಣ್ಣ ಹೊಡೆಸಿ ಮತ್ತೆ ರಸ್ತೆಗಿಳಿಸುವವರು ಇದ್ದಾರೆ. ಬಣ್ಣ ಫಳಫಳ ಹೊಳೆಯುತ್ತದೆ, ಸೀಟು ಹೊಸದು. ಆದರೆ ಚಾಲೂ ಮಾಡಿದೊಡನೆ ಇಡೀ ಗಾಡಿ ಗಡಗಡ ನಡುಗುತ್ತದೆ!

ಆಗ ಸಲಹೆಗಳ ಸುರಿಮಳೆ. ಒಬ್ಬರು ಪ್ಲಗ್ ಬದಲಿಸಿ ಎನ್ನುತ್ತಾರೆ, ಇನ್ನೊಬ್ಬರು ಕಾರ್ಬೊರೇಟರ್ ಎನ್ನುತ್ತಾರೆ, ಮತ್ತೊಬ್ಬರು ಇಂಜಿನ್ ಪೂರ್ತಿ ಬಿಚ್ಚಿಸಿಬಿಡಿ ಎನ್ನುತ್ತಾರೆ. ಎಲ್ಲವನ್ನೂ ಮಾಡಿಸಿದರೆ ದುಡ್ಡು ಹೋಗುತ್ತದೆ, ನಡುಕ ಉಳಿಯುತ್ತದೆ. ಏಕೆಂದರೆ ಯಾರೂ ಆ ನಡುಕವನ್ನು ಎಣಿಸಲಿಲ್ಲ. ವೈದ್ಯರು ಔಷಧಿ ಕೊಡುವ ಮೊದಲು ನಾಡಿ ನೋಡುವುದಿಲ್ಲವೇ? ಯಂತ್ರಕ್ಕೂ ನಾಡಿಯುಂಟು. ಅದರ ಹೆಸರು ಆವೃತ್ತಿ, ಅಂದರೆ ಒಂದು ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ.

ಲೆಕ್ಕ ಬಲು ಸರಳ

ಹೊಲದ ಡೀಸೆಲ್ ಪಂಪನ್ನು ನೋಡಿ. ಸಿಲಿಂಡರ್ ಒಂದೇ ಆದ್ದರಿಂದ ಅದರ ಒಂದೊಂದು ಏಟೂ ಬೇರೆಯಾಗಿ ಕೇಳಿಸುತ್ತದೆ. ಅಂಬಾಸಿಡರಿನ ಇಂಜಿನ್ನಿಗೆ ನಾಲ್ಕು ಸಿಲಿಂಡರ್. ನಿಂತಲ್ಲೇ ಅದು ನಿಮಿಷಕ್ಕೆ 900 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 15 ಸುತ್ತು ಆಯಿತು. ನಾಲ್ಕು ಹೊಡೆತದ ಇಂಜಿನ್ನಿನಲ್ಲಿ ಪ್ರತಿ ಸಿಲಿಂಡರೂ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ. ಹಾಗಾಗಿ ನಾಲ್ಕೂ ಸೇರಿ ಸೆಕೆಂಡಿಗೆ 30 ತಳ್ಳುಗಳು. ಇವು ಕೈಗೆ ಬಿಡಿಬಿಡಿಯಾಗಿ ಸಿಗುವುದಿಲ್ಲ, ಒಂದೇ ಗುಂಯ್‌ಗುಡುವಿಕೆಯಾಗಿ ಸಿಗುತ್ತವೆ.

ಈಗ ಒಂದು ಸಿಲಿಂಡರ್ ಉರಿಯಲಿಲ್ಲ ಎನ್ನಿ. ಸೆಕೆಂಡಿಗೆ ಏಳೂವರೆ ಸಲ ಒಂದು ತಳ್ಳು ತಪ್ಪುತ್ತದೆ. ಗುಂಯ್ ಹೋಗಿ ಧಡ್ ಧಡ್ ಎಂಬ ನಿಧಾನದ ಕುಲುಕಾಟ ಬರುತ್ತದೆ. ಮೆಕ್ಯಾನಿಕ್‌ಗಳು ‘ಮಿಸ್ಸಿಂಗ್’ ಎನ್ನುವುದು ಇದನ್ನೇ. ಯಾವ ಸಿಲಿಂಡರ್ ಎಂದು ತಿಳಿಯಲು ಅವರು ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ತಪ್ಪಿಸಿ ನೋಡುತ್ತಾರೆ. ಒಳ್ಳೆಯ ಸಿಲಿಂಡರಿನ ವೈರು ತೆಗೆದರೆ ಇಂಜಿನ್ ಇನ್ನಷ್ಟು ತತ್ತರಿಸುತ್ತದೆ. ಕೆಟ್ಟದ್ದರ ವೈರು ತೆಗೆದರೆ ಏನೂ ಬದಲಾಗುವುದಿಲ್ಲ. (ಅಲ್ಲಿ ಸಾವಿರಾರು ವೋಲ್ಟ್ ವಿದ್ಯುತ್ ಇರುತ್ತದೆ. ಮಕ್ಕಳು ನೋಡಬೇಕೇ ಹೊರತು ಮುಟ್ಟಬಾರದು.) ಆ ಪ್ಲಗ್ಗನ್ನು ಬಿಚ್ಚಿದರೆ ಅದರ ತುದಿಯೇ ಕಥೆ ಹೇಳುತ್ತದೆ. ತಿಳಿಕಂದು ಬಣ್ಣವಿದ್ದರೆ ಸರಿಯಾಗಿದೆ. ಒಣ ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು. ಎಣ್ಣೆಯಿಂದ ಒದ್ದೆಯಾಗಿದ್ದರೆ ರಿಂಗುಗಳು ಸವೆದಿರಬಹುದು.

ಇಂಜಿನ್ ತಪ್ಪಿತಸ್ಥನಲ್ಲದಿದ್ದರೆ?

ನಾಲ್ಕೂ ಸಿಲಿಂಡರ್ ಸರಿಯಾಗಿ ಉರಿಯುತ್ತಿದ್ದರೂ ಗಾಡಿ ನಡುಗುವುದುಂಟು. ನಾಗರ ಪಂಚಮಿಯ ಜೋಕಾಲಿಯನ್ನು ನೆನೆಯಿರಿ. ಅದರದೇ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ಕೂಸು ತಳ್ಳಿದರೂ ಜೋಕಾಲಿ ಮುಗಿಲಿಗೇರುತ್ತದೆ. ಇದೇ ಅನುರಣನೆ. ಇಂಜಿನ್ನನ್ನು ರಬ್ಬರಿನ ಮೌಂಟಿಂಗುಗಳ ಮೇಲೆ ಕೂರಿಸುವಾಗ, ಅದರ ತೂಗಾಟದ ಲಯ ಆ 30ರ ಏಟಿಗಿಂತ ಸಾಕಷ್ಟು ಕೆಳಗಿರುವಂತೆ ನೋಡಿಕೊಂಡಿರುತ್ತಾರೆ. ಆದರೆ ರಬ್ಬರು ಗಾಳಿಯಲ್ಲಿನ ಆಮ್ಲಜನಕದೊಡನೆ ಬೆರೆತು ವರ್ಷಗಟ್ಟಲೆಯಲ್ಲಿ ಗಟ್ಟಿಯಾಗುತ್ತದೆ. ನಮ್ಮ ರಾಯಚೂರಿನ 40 ಡಿಗ್ರಿ ದಾಟುವ ಬೇಸಿಗೆ ಆ ಕೆಲಸವನ್ನು ಇನ್ನೂ ಬೇಗ ಮಾಡುತ್ತದೆ. ರಬ್ಬರು ಗಟ್ಟಿಯಾದಂತೆ ಲಯ ಮೇಲಕ್ಕೇರಿ ಇಂಜಿನ್ನಿನ ಲಯದ ಹತ್ತಿರ ಬರುತ್ತದೆ. ಆಗ ಒಳ್ಳೆಯ ಇಂಜಿನ್ನೂ ಕೆಟ್ಟ ಹೆಸರು ಪಡೆಯುತ್ತದೆ! ಇಂಜಿನ್ ಬಿಚ್ಚಿಸುವ ಮೊದಲು ಈ ರಬ್ಬರುಗಳನ್ನು ನೋಡಿಸಿರಿ. ಎರಡು ಖರ್ಚುಗಳಿಗೂ ಅಜಗಜಾಂತರ.

ಇನ್ನು ಓಡುವಾಗ ಮಾತ್ರ ಬರುವ ನಡುಕ. ಮಾನ್ವಿ ರಸ್ತೆಯಲ್ಲಿ 60 ಕಿಲೋಮೀಟರ್ ವೇಗ ಮುಟ್ಟಿದಾಗಲಷ್ಟೇ ಅದು ಕಾಣಿಸಿಕೊಳ್ಳುತ್ತದೆ ಎನ್ನಿ. ಆ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 8 ಸುತ್ತು ತಿರುಗುತ್ತದೆ. ಕಾರಿನ ಹೊಟ್ಟೆಯ ಕೆಳಗಿನ ಉದ್ದನೆಯ ಪ್ರೊಪೆಲ್ಲರ್ ಶಾಫ್ಟು ಅದರ ನಾಲ್ಕೈದು ಪಟ್ಟು ತಿರುಗುತ್ತದೆ. ಟಾಪ್ ಗೇರಿನಲ್ಲಿ ಇಂಜಿನ್ನೂ ಶಾಫ್ಟೂ ಒಂದೇ ವೇಗದಲ್ಲಿ ಸುತ್ತುವುದರಿಂದ ಕಳ್ಳ ಯಾರೆಂದು ತಿಳಿಯದು. ಹಾಗಾದರೆ ನಿಂತ ಗಾಡಿಯಲ್ಲೇ ನ್ಯೂಟ್ರಲಿನಲ್ಲಿಟ್ಟು ಇಂಜಿನ್ನನ್ನು ಅಷ್ಟೇ ವೇಗಕ್ಕೆ ಏರಿಸಿ ನೋಡಿ. ನಡುಕ ಬಂದರೆ ದೋಷ ಇಂಜಿನ್ನಿನ ಕಡೆಗಿದೆ. ಬಾರದಿದ್ದರೆ ಶಾಫ್ಟು, ಅದರ ಜಾಯಿಂಟು ಇಲ್ಲವೇ ಚಕ್ರಗಳನ್ನು ಹುಡುಕಬೇಕು. ಇದನ್ನು ಅಲಕ್ಷಿಸಬಾರದು. ಸವೆದ ಜಾಯಿಂಟು ಓಡುವಾಗ ಕಳಚಿದರೆ ಹೋಗುವುದು ದುಡ್ಡಲ್ಲ, ಜೀವ.

ಶಕ್ತಿನಗರದಲ್ಲೂ ಇದೇ ಪಾಠ

ರಾಯಚೂರಿನ ಹತ್ತಿರದ ಶಕ್ತಿನಗರದ ಶಾಖೋತ್ಪನ್ನ ಕೇಂದ್ರವನ್ನು ಯಾರು ಅರಿಯರು? ಅಲ್ಲಿನ ಟರ್ಬೈನು ನಿಮಿಷಕ್ಕೆ 3000 ಸುತ್ತು, ಅಂದರೆ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ನಮ್ಮ ಮನೆಯ ವಿದ್ಯುತ್ತಿನ ಆವೃತ್ತಿ 50 ಇರುವುದು ಅದರಿಂದಲೇ. ಅಂಥ ಯಂತ್ರಗಳ ನಡುಕವನ್ನೂ ಇಂಜಿನಿಯರುಗಳು ಹೀಗೆಯೇ ಓದುತ್ತಾರೆ. ಸುತ್ತಿಗೊಮ್ಮೆ ನಡುಗಿದರೆ ತೂಕದ ಸಮತೋಲ ತಪ್ಪಿದೆಯೇ ಎಂದು ನೋಡುತ್ತಾರೆ. ಸುತ್ತಿಗೆರಡು ಸಲ ನಡುಗಿದರೆ ಶಾಫ್ಟುಗಳು ಒಂದೇ ನೇರದಲ್ಲಿ ಇಲ್ಲವೇನೋ ಎಂದು ಶಂಕಿಸುತ್ತಾರೆ. ಮಾನ್ವಿಯ ಅಕ್ಕಿ ಗಿರಣಿಯ ಫ್ಯಾನಿಗೂ ಇದೇ ನಿಯಮ.

ವಿದ್ಯಾರ್ಥಿಗಳೇ, ಆವೃತ್ತಿಯ ಸೂತ್ರವನ್ನು ನೀವು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತೀರಿ. ಅದೇ ಸೂತ್ರ ಗ್ಯಾರೇಜಿನಲ್ಲಿ ಎಣ್ಣೆ ಮೆತ್ತಿದ ಕೈಗಳಲ್ಲಿ ದಿನವೂ ದುಡಿಯುತ್ತಿದೆ. ಇಂದಿನ ಮೊಬೈಲ್ ಫೋನಿನೊಳಗೇ ಕಂಪನ ಅಳೆಯುವ ಪುಟ್ಟ ಸಾಧನವಿದೆ. ಅದನ್ನು ಕಾರಿನ ಸೀಟಿನ ಮೇಲಿಟ್ಟು ಸೆಕೆಂಡಿಗೆ ಎಷ್ಟು ಕಂಪನವೆಂದು ನೀವೇ ಅಳೆದು ನೋಡಬಹುದು. ಪಾಲಕರಲ್ಲೂ ಒಂದು ಮಾತು. ಮಗ ಅಥವಾ ಮಗಳು ರಜೆಯಲ್ಲಿ ಬಾನೆಟ್ಟಿನೊಳಗೆ ಇಣುಕಿದರೆ ‘ಓದು ಬಿಟ್ಟು ಇದೇನು’ ಎಂದು ಗದರಬೇಡಿ. ಒಂದು ನೋಟುಪುಸ್ತಕ ಕೊಡಿ. ನಡುಕ ಯಾವಾಗ ಬಂತು, ಯಾವ ವೇಗದಲ್ಲಿ ಬಂತು, ಯಾವುದನ್ನು ಬದಲಿಸಿದಾಗ ನಿಂತಿತು ಎಂದು ಬರೆಯಲಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಎರಡನ್ನಲ್ಲ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಗಾಡಿ ಸರಿಹೋದೀತು, ಆದರೆ ಕಾರಣ ಮಾತ್ರ ಗೊತ್ತಾಗುವುದಿಲ್ಲ.