ಶಾಖೆಯ ಲೆಕ್ಕ ಮುಖ್ಯ ಕಚೇರಿಗೆ ತಲುಪದಿದ್ದಾಗ

ಸಹಕಾರ ಸಂಘಗಳ ಲೆಕ್ಕವು ಕೀರ್ದಿ ಪುಸ್ತಕದಿಂದ ಗಣಕಯಂತ್ರಕ್ಕೆ ವರ್ಗವಾಗುತ್ತಿರುವ ಕಾಲವಿದು. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸರ್ಕಾರವು 2022ರ ಜೂನ್ ತಿಂಗಳಲ್ಲಿ ಒಪ್ಪಿಗೆ ನೀಡಿತು. ಬೆಳೆಗಾರರ ಮಾರಾಟ ಸಂಘಗಳೂ ಇದೇ ದಾರಿ ಹಿಡಿದಿವೆ. ಶಾಖೆಯಲ್ಲಿ ತೂಕವಾದ ಅಡಿಕೆ, ಜಮೆಯಾದ ಕಾಫಿ ಚೀಲ, ಕೊಂಡ ಗೊಬ್ಬರ, ಕಟ್ಟಿದ ಸಾಲದ ಕಂತು ಇವೆಲ್ಲ ಶಾಖೆಯ ಸರ್ವರಿನಲ್ಲಿ ದಾಖಲಾಗಿ, ರಾತ್ರಿ ನಿಗದಿತ ಹೊತ್ತಿಗೆ ತಾವಾಗಿಯೇ ಮುಖ್ಯ ಕಚೇರಿಯ ಸರ್ವರಿಗೆ ಹೋಗಿ ಸೇರುವ ಏರ್ಪಾಡು ಹಲವು ಕಡೆ ಇದೆ.

ಈ ರಾತ್ರಿಯ ವರ್ಗಾವಣೆ ತಪ್ಪಿದರೆ ನಷ್ಟ ಯಾರಿಗೆ ಎಂಬುದನ್ನು ಮೊದಲು ತಿಳಿಯೋಣ. ಗಡುವಿನ ಮುನ್ನಾದಿನ ಒಬ್ಬ ಸದಸ್ಯರು ಶಾಖೆಗೆ ಬಂದು ಬೆಳೆಸಾಲವನ್ನು ತೀರಿಸಿ ರಸೀದಿ ಪಡೆದು ಮನೆಗೆ ಹೋಗುತ್ತಾರೆ. ಆ ಜಮೆ ಮುಖ್ಯ ಕಚೇರಿಗೆ ತಲುಪದಿದ್ದರೆ ಅಲ್ಲಿನ ಪಟ್ಟಿಯಲ್ಲಿ ಅವರು ಸುಸ್ತಿದಾರರು. ಗಡುವಿನೊಳಗೆ ಕಟ್ಟಿದವರಿಗೆ ಸಲ್ಲಬೇಕಾದ ಬಡ್ಡಿ ರಿಯಾಯಿತಿ ತಪ್ಪುವ, ಮುಂದಿನ ಸಾಲ ತಡೆಯುವ ಸಂಭವ ಉಂಟು. ತಪ್ಪು ಯಂತ್ರದ್ದು, ಹೊರೆ ಬೆಳೆಗಾರರದ್ದು. ಆದ್ದರಿಂದ ಇದು ಗಣಕ ತಂತ್ರಜ್ಞರಿಗೆ ಬಿಟ್ಟ ವಿಷಯವೆಂದು ನಾವು ಸುಮ್ಮನಿರುವಂತಿಲ್ಲ.

ವರ್ಗಾವಣೆಯ ಐದು ಹಂತಗಳು

ಶಾಖೆಯ ಗೋದಾಮಿನಿಂದ ಮುಖ್ಯ ಗೋದಾಮಿಗೆ ಲಾರಿಯಲ್ಲಿ ಅಡಿಕೆ ಕಳಿಸುವುದನ್ನು ನೆನಪಿಗೆ ತಂದುಕೊಳ್ಳಿ. ಲಾರಿ ಹೊತ್ತಿಗೆ ಸರಿಯಾಗಿ ಹೊರಡಬೇಕು. ದಾರಿ ತೆರೆದಿರಬೇಕು. ಗೇಟಿನವನು ಒಳಗೆ ಬಿಡಬೇಕು. ಇಳಿಸಲು ಜಾಗವಿರಬೇಕು. ಚೀಲದ ಮೇಲಿನ ಗುರುತು ಅಲ್ಲಿಯವರಿಗೆ ಓದಲು ಬರಬೇಕು. ದತ್ತಾಂಶದ ಸಾಗಣೆಯೂ ಹೀಗೆಯೇ. ಎಲ್ಲಿ ನಿಂತಿದೆ ಎಂದು ತಿಳಿಯಲು ಈ ಐದನ್ನೂ ಕ್ರಮವಾಗಿ ನೋಡಬೇಕು. ಪ್ರತಿ ಕೆಲಸದ ಆರಂಭ, ಅಂತ್ಯ, ದೋಷದ ಸಂಖ್ಯೆ ಇವುಗಳನ್ನು ಸರ್ವರು ತನ್ನದೇ ದಾಖಲೆಯಲ್ಲಿ ಬರೆದಿಡುತ್ತದೆ; ಇದಕ್ಕೆ ಲಾಗ್ ಎನ್ನುವರು. ಗುಮಾಸ್ತರು ಮೊದಲು ಓದಬೇಕಾದದ್ದು ಇದನ್ನೇ.

1. ಹೊರಟಿತೇ? ಲಾಗಿನಲ್ಲಿ ಆ ರಾತ್ರಿಯ ಸುದ್ದಿಯೇ ಇಲ್ಲದಿದ್ದರೆ ಕೆಲಸ ಆರಂಭವೇ ಆಗಿಲ್ಲ. ಮಲೆನಾಡಿನಲ್ಲಿ ಸಿಡಿಲಿನ ಭಯಕ್ಕೆ ಸಂಜೆ ಮೇನ್ ಸ್ವಿಚ್ ತೆಗೆದು ಹೋಗುವುದುಂಟು; ಹನ್ನೊಂದು ಗಂಟೆಗೆ ಹೊರಡಬೇಕಾದ ಲೆಕ್ಕ ಹೊರಡುವುದು ಹೇಗೆ? ಇನ್ನೊಂದು ಕಾರಣವಿದೆ. ಕರೆಂಟು ಮರಳಿ ಬಂದಾಗ ಸರ್ವರು ಎದ್ದರೂ, ಹೊತ್ತಿಗೆ ಸರಿಯಾಗಿ ಕೆಲಸ ಹಚ್ಚುವ ಸೇವೆ ತಾನಾಗಿ ಏಳುವಂತೆ ಹೊಂದಿಸಿರುವುದಿಲ್ಲ. ಹಗಲಿನ ಕೆಲಸ ಸುಗಮವಾಗಿ ನಡೆಯುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

2. ದಾರಿ ತೆರೆದಿದೆಯೇ? ಮರ ಬಿದ್ದು ತಂತಿ ತುಂಡಾದರೆ ಎಲ್ಲರಿಗೂ ಕಾಣುತ್ತದೆ. ಕಾಣದ ಕಾರಣಗಳೆಂದರೆ, ಮುಖ್ಯ ಕಚೇರಿಯ ಸರ್ವರಿನ ವಿಳಾಸ ಬದಲಾಗಿರುವುದು, ಇಲ್ಲವೇ ರಕ್ಷಣಾ ವ್ಯವಸ್ಥೆಯಾದ ಫೈರ್‌ವಾಲ್ ಆ ಬಾಗಿಲನ್ನು ಮುಚ್ಚಿರುವುದು. ಸಾಮಾನ್ಯವಾಗಿ ಎಸ್‌ಕ್ಯೂಎಲ್ ಸರ್ವರ್ 1433ನೆಯ ಬಾಗಿಲಿನಲ್ಲಿಯೂ ಮೈಎಸ್‌ಕ್ಯೂಎಲ್ 3306ನೆಯ ಬಾಗಿಲಿನಲ್ಲಿಯೂ ಕೇಳುತ್ತಿರುತ್ತವೆ.

3. ಒಳಗೆ ಬಿಟ್ಟರೇ? ಗುಪ್ತಪದ ಬದಲಾದರೆ ಅಥವಾ ಅವಧಿ ಮೀರಿದರೆ ಪ್ರವೇಶವಿಲ್ಲ. ಎಸ್‌ಕ್ಯೂಎಲ್ ಸರ್ವರಿನಲ್ಲಿ 18456 ಎಂಬ ದೋಷಸಂಖ್ಯೆ ಕಂಡರೆ ಇದೇ ಅರ್ಥ. "ಹಗಲಿನಲ್ಲಿ ಕೈಯಿಂದ ಮಾಡಿದರೆ ಹೋಗುತ್ತದೆ, ರಾತ್ರಿ ತಾನಾಗಿ ಹೋಗುವುದಿಲ್ಲ" ಎಂಬ ದೂರಿಗೂ ಹಲವು ಸಲ ಇದೇ ಮೂಲ. ಹಗಲು ಕೆಲಸ ನಡೆದದ್ದು ಗುಮಾಸ್ತರ ಹೆಸರಿನಲ್ಲಿ. ರಾತ್ರಿ ನಡೆಯುವುದು ಯಂತ್ರಕ್ಕೆಂದು ಇಟ್ಟ ಬೇರೆ ಹೆಸರಿನಲ್ಲಿ. ಆ ಎರಡನೆಯ ಹೆಸರಿಗೆ ಅನುಮತಿ ಇದೆಯೇ ಎಂದು ನೋಡಬೇಕು.

4. ಜಾಗವಿದೆಯೇ? ಡಿಸ್ಕ್ ತುಂಬಿದರೆ ಹೊಸ ದಾಖಲೆಗೆ ಎಡೆಯಿಲ್ಲ. ಎಸ್‌ಕ್ಯೂಎಲ್ ಸರ್ವರಿನ 9002 ಎಂಬ ದೋಷವು ವ್ಯವಹಾರಗಳ ಲಾಗ್ ತುಂಬಿದೆ ಎಂದು ಹೇಳುತ್ತದೆ. ಕಾರಣ ತಿಳಿಯದೆ ಕಡತಗಳನ್ನು ಅಳಿಸಿ ಜಾಗ ಮಾಡಲು ಹೋಗಬಾರದು.

5. ಓದಲು ಬಂದಿತೇ? ನಾವು ದಿನವನ್ನು ಮೊದಲು ಬರೆದು ತಿಂಗಳನ್ನು ನಂತರ ಬರೆಯುತ್ತೇವೆ. ಅಮೆರಿಕದ ಪದ್ಧತಿಯಲ್ಲಿ ತಿಂಗಳು ಮೊದಲು. ಎರಡು ಸರ್ವರುಗಳು ಬೇರೆ ಬೇರೆ ಪದ್ಧತಿಯಲ್ಲಿದ್ದರೆ 25-08 ಎಂಬ ದಿನಾಂಕ ತಿರಸ್ಕೃತವಾಗುತ್ತದೆ, ಏಕೆಂದರೆ 25ನೆಯ ತಿಂಗಳಿಲ್ಲ. ಆದರೆ ಆಗಸ್ಟ್ 5 ಸದ್ದಿಲ್ಲದೆ ಮೇ 8 ಆಗಿ ಕುಳಿತುಕೊಳ್ಳುತ್ತದೆ. ತಿಂಗಳ 13ರ ನಂತರ ಮಾತ್ರ ವರ್ಗಾವಣೆ ಕೆಡುತ್ತಿದೆಯೆಂದರೆ, ಮೊದಲ 12 ದಿನಗಳ ಲೆಕ್ಕವನ್ನೂ ತಿರುಗಿ ನೋಡಬೇಕೆಂದೇ ಅರ್ಥ.

ಕನ್ನಡದ ಹೆಸರುಗಳದ್ದು ಇನ್ನೊಂದು ತೊಡಕು. ಯೂನಿಕೋಡಿನಲ್ಲಿ "ಕೃಷ್ಣಮೂರ್ತಿ" ಎಂಬ ಹೆಸರು ನಮ್ಮ ಕಣ್ಣಿಗೆ ನಾಲ್ಕು ಅಕ್ಷರವಾದರೂ ಯಂತ್ರಕ್ಕೆ 11 ಸಂಕೇತಗಳು. ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ 3 ಬೈಟುಗಳಂತೆ ಒಟ್ಟು 33 ಬೈಟು ಜಾಗ ಬೇಕು. ಇಂಗ್ಲಿಷ್ ಲಿಪಿಯಲ್ಲಿ ಅದೇ ಹೆಸರಿಗೆ 13 ಬೈಟು ಸಾಕು. ಹೆಸರಿಗೆ 30 ಬೈಟು ಮಾತ್ರ ಮೀಸಲಿಟ್ಟ ಕಡೆ ಈ ಸದಸ್ಯರ ಹೆಸರು ಹಿಡಿಸುವುದಿಲ್ಲ. ಕೆಲವು ವ್ಯವಸ್ಥೆಗಳು ಇಡೀ ದಾಖಲೆಯನ್ನೇ ತಿರಸ್ಕರಿಸುತ್ತವೆ. ಕೆಲವು ಹೆಸರಿನ ಬಾಲ ಕತ್ತರಿಸುತ್ತವೆ. ಯೂನಿಕೋಡ್ ಅರಿಯದ ಅಂಕಣಕ್ಕೆ ಹೋದ ಕನ್ನಡವಂತೂ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಬಿಡುತ್ತದೆ.

ಸದ್ದು ಮಾಡದ ದೋಷ

ಮೇಲಿನ ದೋಷಗಳಲ್ಲಿ ಬಹುಪಾಲು ಕೂಗಿ ಹೇಳುವಂಥವು. ಕೂಗದೆ ಇರುವ ದೋಷವೇ ಹೆಚ್ಚು ಅಪಾಯದ್ದು. ಇದಕ್ಕೆ ಇಂಗ್ಲೆಂಡಿನ ಒಂದು ಘಟನೆಯೇ ಸಾಕ್ಷಿ. 2020ರಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು ಪ್ರಯೋಗಾಲಯಗಳಿಂದ ಬಂದ ಕೋವಿಡ್ ಫಲಿತಾಂಶಗಳನ್ನು ತಾನಾಗಿಯೇ ಒಟ್ಟುಗೂಡಿಸುವ ಏರ್ಪಾಡು ಮಾಡಿಕೊಂಡಿತ್ತು. ನಡುವೆ ಬಳಸಿದ್ದು ಹಳೆಯ ಮಾದರಿಯ ಎಕ್ಸೆಲ್ ಕಡತ. ಅದರಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಮಿತಿ ಮೀರಿದ ಸಾಲುಗಳು ಬಿದ್ದುಹೋದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ 15,841 ಪ್ರಕರಣಗಳು ಲೆಕ್ಕದಿಂದ ಹೊರಗುಳಿದವು. ಸೋಂಕಿತರಿಗೆ ಅವರವರ ಫಲಿತಾಂಶ ತಿಳಿದಿತ್ತು. ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಬೇಕಾದ ಇಲಾಖೆಗೆ ಆ ಹೆಸರುಗಳು ತಡವಾಗಿ ತಲುಪಿದವು. ಸದಸ್ಯರ ಕೈಯಲ್ಲಿ ರಸೀದಿ ಇದ್ದು ಮುಖ್ಯ ಕಚೇರಿಯಲ್ಲಿ ಜಮೆಯಿಲ್ಲದ ಪರಿಸ್ಥಿತಿಯೂ ಇದೇ ಅಲ್ಲವೇ?

ಇದಕ್ಕೆ ಮದ್ದು ಹಳೆಯದೇ: ಎರಡೂ ಕಡೆ ತಾಳೆ ನೋಡುವುದು. ಲಾರಿ ಹೊರಟಾಗ ಒಂದು ತೂಕ, ತಲುಪಿದಾಗ ಇನ್ನೊಂದು ತೂಕ ಮಾಡುವುದಿಲ್ಲವೇ? ಹಾಗೆಯೇ ಪ್ರತಿ ರಾತ್ರಿ ಶಾಖೆ ಕಳಿಸಿದ ರಸೀದಿಗಳ ಸಂಖ್ಯೆ, ಒಟ್ಟು ಮೊತ್ತ, ಕೊನೆಯ ರಸೀದಿಯ ಸಂಖ್ಯೆ ಈ ಮೂರನ್ನೂ ಮುಖ್ಯ ಕಚೇರಿ ಪಡೆದದ್ದರೊಡನೆ ಹೋಲಿಸಬೇಕು. ಬರಿಯ ಎಣಿಕೆ ಸಾಲದು. ಒಂದು ರಸೀದಿ ತಪ್ಪಿ ಇನ್ನೊಂದು ಎರಡು ಸಲ ಸೇರಿದರೆ ಎಣಿಕೆ ಸರಿಹೋಗುತ್ತದೆ, ಮೊತ್ತ ಹೋಗುವುದಿಲ್ಲ. "ಕೆಲಸ ಯಶಸ್ವಿ" ಎಂದು ಪರದೆಯ ಮೇಲೆ ಮೂಡಿದ್ದು ಲಾರಿ ಹಿಂದಿರುಗಿತು ಎಂಬುದಕ್ಕೆ ಸಮ. ಸರಕು ಪೂರ್ತಿ ಇಳಿಯಿತು ಎಂಬುದಕ್ಕೆ ಅಲ್ಲ.

ಮತ್ತೆ ಕಳಿಸುವ ಮುನ್ನ

ಕೆಟ್ಟ ವರ್ಗಾವಣೆಯನ್ನು ಆತುರದಿಂದ ಮತ್ತೆ ಹಚ್ಚಿದರೆ, ಅರ್ಧ ತಲುಪಿದ್ದ ಲೆಕ್ಕ ಇಮ್ಮಡಿಯಾದೀತು. ಇದನ್ನು ತಡೆಯಲು ಎರಡು ಕಟ್ಟುಪಾಡುಗಳಿವೆ. ಒಂದು, ಒಂದು ರಾತ್ರಿಯ ಲೆಕ್ಕ ಪೂರ್ತಿ ಸೇರಬೇಕು, ಇಲ್ಲವೇ ಸ್ವಲ್ಪವೂ ಸೇರಬಾರದು. ಎರಡು, ಶಾಖೆಯ ಸಂಕೇತ, ವರ್ಷ ಹಾಗೂ ರಸೀದಿ ಸಂಖ್ಯೆ ಕೂಡಿದ ಗುರುತು ಎರಡನೆಯ ಸಲ ಬಂದರೆ ಸರ್ವರು ಒಪ್ಪಬಾರದು. ಮೈಎಸ್‌ಕ್ಯೂಎಲ್‌ನಲ್ಲಿ ಇಂಥ ನಕಲು ಬಂದಾಗ 1062 ಎಂಬ ದೋಷ ತೋರಿ ಕೆಲಸ ನಿಲ್ಲುತ್ತದೆ. ಅದು ಕಾವಲುಗಾರನ ಕೂಗು. ಆ ದೋಷವನ್ನು ಹಾರಿಸಿ ಮುಂದೆ ಹೋಗುವಂತೆ ಹೊಂದಿಸಿದರೆ ಅಂದಿನ ಕಿರಿಕಿರಿ ತಪ್ಪೀತು, ಆದರೆ ಎರಡು ಕಡೆಯ ಪುಸ್ತಕಗಳು ಮುಂದೆ ಎಂದೂ ಕೂಡದೆ ಹೋಗಬಹುದು.

ಆತುರದ ದುರಸ್ತಿ ಎಷ್ಟು ದುಬಾರಿ ಎಂಬುದಕ್ಕೆ ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯ ಅನುಭವ ನೋಡಿ. 2017ರ ಜನವರಿ 31ರಂದು ಎರಡನೆಯ ಸರ್ವರಿಗೆ ಪ್ರತಿ ಹೋಗುವುದು ನಿಂತಿತ್ತು. ಸರಿಪಡಿಸಲು ಕುಳಿತವರು ಎರಡನೆಯದೆಂದು ತಿಳಿದು ಮೊದಲನೆಯ ಸರ್ವರಿನ ದತ್ತಾಂಶವನ್ನೇ ಅಳಿಸಿದರು. ನಿತ್ಯದ ರಕ್ಷಣಾ ಪ್ರತಿಗಳನ್ನು ಹುಡುಕಿದಾಗ ಅವೂ ಆಗುತ್ತಿರಲಿಲ್ಲ. ಕೆಟ್ಟಿದೆ ಎಂದು ತಿಳಿಸಬೇಕಾದ ಮಿಂಚಂಚೆಗಳೂ ತಲುಪುತ್ತಿರಲಿಲ್ಲ. ಸುಮಾರು 6 ಗಂಟೆ ಮೊದಲು ಒಬ್ಬರು ಬೇರೆ ಕೆಲಸಕ್ಕೆಂದು ತೆಗೆದಿದ್ದ ಪ್ರತಿಯೇ ಕೊನೆಗೆ ಕೈಹಿಡಿಯಿತು. ಇದರಿಂದ ಕಲಿಯಬೇಕಾದದ್ದು ಇಷ್ಟು: ಮೊದಲು ಪ್ರತಿ ತೆಗೆಯಿರಿ, ಯಾವ ಯಂತ್ರದ ಮುಂದೆ ಕುಳಿತಿದ್ದೀರೆಂದು ಖಚಿತಪಡಿಸಿಕೊಳ್ಳಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಕೆಟ್ಟಾಗ ಮಾತ್ರವಲ್ಲ, ಸರಿಹೋದಾಗಲೂ ಪ್ರತಿ ಬೆಳಿಗ್ಗೆ ಸಂದೇಶ ಬರುವಂತಿರಲಿ. ಸಂದೇಶ ಬಾರದಿದ್ದರೆ ಅದೇ ಎಚ್ಚರಿಕೆ.

ಸದಸ್ಯರು ಮಾಡಬೇಕಾದದ್ದು

ಕಟ್ಟಿದ ಹಣಕ್ಕೂ ತೂಗಿದ ಮಾಲಿಗೂ ಸಂಖ್ಯೆಯುಳ್ಳ ರಸೀದಿಯನ್ನು ತಪ್ಪದೆ ಪಡೆಯಿರಿ. ಖಾತೆಯಲ್ಲಿ ಜಮೆ ಕಾಣುವವರೆಗೂ ಅದನ್ನು ಜೋಪಾನವಾಗಿಡಿ. ಸಾಧ್ಯವಿದ್ದರೆ ಸಾಲವನ್ನು ಗಡುವಿಗೆ ನಾಲ್ಕಾರು ದಿನ ಮುಂಚೆಯೇ ಕಟ್ಟಿ, ಎರಡು ದಿನ ಬಿಟ್ಟು ಮುಖ್ಯ ಕಚೇರಿಯ ಖಾತೆಯ ಪ್ರತಿಯನ್ನು ಕೇಳಿ ನೋಡಿ. ವ್ಯತ್ಯಾಸ ಕಂಡರೆ ರಸೀದಿಯ ನಕಲನ್ನು ಲಗತ್ತಿಸಿ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಜಮೆಯ ದಿನಾಂಕ ಶಾಖೆಯ ರಸೀದಿಯ ದಿನಾಂಕವೇ ಆಗಬೇಕು. ಯಂತ್ರ ತಡಮಾಡಿದ ದಿನಗಳಿಗೆ ಸದಸ್ಯರು ಬಡ್ಡಿ ತೆರಬೇಕಾಗಿಲ್ಲ ಎಂಬ ನಿಯಮವನ್ನು ಪ್ರತಿಯೊಂದು ಸಂಘವೂ ಆಡಳಿತ ಮಂಡಳಿಯಲ್ಲಿ ನಿರ್ಣಯ ಮಾಡಿ ದಾಖಲಿಸುವುದು ಒಳ್ಳೆಯದು. ಮುಂದಿನ ವಾರ್ಷಿಕ ಸಭೆಯಲ್ಲಿ, "ನಿನ್ನೆ ರಾತ್ರಿಯ ತಾಳೆಪಟ್ಟಿ ತೋರಿಸಿ" ಎಂದು ಕೇಳುವ ಹಕ್ಕು ತಮಗಿದೆ. ಸಂಕೋಚವಿಲ್ಲದೆ ಕೇಳಿ.