ಗುಡ್ಡ ಕುಸಿಯೋ ಮುಂಚೆ ಕ್ಯಾಮೆರಾಗೆ ಗೊತ್ತಾಗುತ್ತಾ? ಹೇಗೆ ಕೆಲಸ ಮಾಡುತ್ತೆ, ಎಲ್ಲಿ ಕೈಕೊಡುತ್ತೆ?

ಮಳೆಗಾಲ ಬಂತು ಅಂದ್ರೆ ಹೆದ್ದಾರಿ ಪಕ್ಕದ ಅಂಗಡಿಯವರು ಆಕಾಶ ನೋಡೋದಕ್ಕಿಂತ ಹೆಚ್ಚಾಗಿ ಹಿಂದಿನ ಗುಡ್ಡ ನೋಡ್ತಾರೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು, ರಸ್ತೆ ಬದಿಯ ಚಹಾ ಅಂಗಡಿ, ವಾಹನಗಳನ್ನೆಲ್ಲ ಗಂಗಾವಳಿ ನದಿಗೆ ತಳ್ಳಿದ್ದನ್ನು ಯಾರೂ ಮರೆತಿಲ್ಲ. ಅದಾದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಮೊದಲೇ ಗೊತ್ತಾಗೋ ದಾರಿ ಇಲ್ವಾ?

ಒಂದು ದಾರಿ ಇದೆ. ಗುಡ್ಡದ ಎದುರು ಕ್ಯಾಮೆರಾ ನಿಲ್ಲಿಸಿ ಕಾಯೋದು.

ಕ್ಯಾಮೆರಾ ಮಾಡೋದೇನು?

ಗುಡ್ಡದ ಎದುರಿನ ಗಟ್ಟಿ ಜಾಗದಲ್ಲಿ ಕ್ಯಾಮೆರಾವನ್ನು ಅಲುಗಾಡದಂತೆ ಕೂರಿಸ್ತಾರೆ. ಅದು ಗಂಟೆಗೊಂದೋ ಎರಡೋ ಫೋಟೋ ತೆಗೀತಾ ಹೋಗುತ್ತೆ. ಕಂಪ್ಯೂಟರ್ ನಿನ್ನೆಯ ಫೋಟೋ, ಇವತ್ತಿನ ಫೋಟೋ ಎರಡನ್ನೂ ಸಣ್ಣ ಸಣ್ಣ ಚೌಕಗಳಾಗಿ ಮಾಡಿ, ನಿನ್ನೆ ಇಲ್ಲಿದ್ದ ಕಲ್ಲು ಇವತ್ತು ಎಲ್ಲಿದೆ ಅಂತ ಹುಡುಕುತ್ತೆ.

ಲೆಕ್ಕ ಸರಳ. 24 ಮೆಗಾಪಿಕ್ಸೆಲ್ ಫೋಟೋದ ಅಗಲ ಸುಮಾರು 6,000 ಪಿಕ್ಸೆಲ್. ಅದರಲ್ಲಿ 300 ಮೀಟರ್ ಅಗಲದ ಗುಡ್ಡ ಕಂಡರೆ ಒಂದು ಪಿಕ್ಸೆಲ್ ಅಂದ್ರೆ 5 ಸೆಂಟಿಮೀಟರ್. ಬೆಳಕು ಚೆನ್ನಾಗಿದ್ದರೆ ಒಂದು ಪಿಕ್ಸೆಲ್‌ಗಿಂತ ಕಡಿಮೆ ಸರಿದದ್ದೂ ಸಿಗುತ್ತೆ. ನಮ್ಮ ಕಣ್ಣಿಗೆ ಇದು ಕಾಣೋದೇ ಇಲ್ಲ.

ಕ್ಯಾಮೆರಾನೇ ಗಾಳಿಗೆ ಅಲುಗಿದರೆ? ಅದಕ್ಕೇ ಫೋಟೋದಲ್ಲಿ ಜಾರದ ಬಂಡೆ, ಕಟ್ಟಡ ಇರೋ ಹಾಗೆ ನೋಡ್ಕೋತಾರೆ. ಅವೂ ಸರಿದಂತೆ ಕಂಡರೆ ಅಲುಗಿದ್ದು ಕ್ಯಾಮೆರಾ, ಗುಡ್ಡ ಅಲ್ಲ.

ಎಷ್ಟು ಸರಿದರೆ ಅಪಾಯ?

ಎಷ್ಟು ಸರಿದಿದೆ ಅನ್ನೋದಕ್ಕಿಂತ ವೇಗ ಏರುತ್ತಿದೆಯಾ ಅನ್ನೋದು ಮುಖ್ಯ. ವರ್ಷಕ್ಕೆ ಅಷ್ಟಿಷ್ಟು ಜಾರುತ್ತಾ ದಶಕಗಟ್ಟಲೆ ನಿಂತ ಗುಡ್ಡಗಳಿವೆ. ಆದರೆ ಮೊದಲ ದಿನ 5 ಸೆಂಟಿಮೀಟರ್, ಮರುದಿನ 10, ಅದರ ಮರುದಿನ 20 ಅಂತ ಏರುತ್ತಾ ಹೋದರೆ ಜನರನ್ನು ಎಬ್ಬಿಸಬೇಕು ಅಂತ ಅರ್ಥ.

ಸ್ವಿಟ್ಜರ್ಲೆಂಡ್‌ನ ಬ್ರಿಯಂಜ್‌ನಲ್ಲಿ ಆಗಿದ್ದು

ನೂರಕ್ಕಿಂತ ಕಡಿಮೆ ಜನರಿದ್ದ ಬ್ರಿಯಂಜ್ ಹಳ್ಳಿಯ ಮೇಲಿನ ಬೆಟ್ಟದ ಮೇಲೆ ಕ್ಯಾಮೆರಾ, ರಾಡಾರ್, ಜಿಪಿಎಸ್ ಎಲ್ಲವೂ ಕಣ್ಣಿಟ್ಟಿದ್ದವು. ಬೆಟ್ಟದ ವೇಗ ಏರಿದಾಗ 2023ರ ಮೇ 12ರೊಳಗೆ ಊರು ಪೂರ್ತಿ ಖಾಲಿ ಮಾಡಿಸಿದರು. ಬೆಟ್ಟ ಬಿದ್ದಿದ್ದು ಜೂನ್ 15ರ ರಾತ್ರಿ. 10 ಲಕ್ಷ ಘನ ಮೀಟರ್‌ಗೂ ಹೆಚ್ಚು ಕಲ್ಲುಮಣ್ಣು ಊರಿನ ಅಂಚಿಗೆ ಬಂದು ನಿಂತಿತು. ಒಬ್ಬರಿಗೂ ಪ್ರಾಣಹಾನಿ ಇಲ್ಲ. ಜನ ಮನೆಗೆ ಮರಳಿದ್ದು ಜುಲೈ 3ಕ್ಕೆ.

ಇದರಲ್ಲಿ ವ್ಯಾಪಾರಸ್ಥರು ಗಮನಿಸಬೇಕಾದ ಮಾತಿದೆ. ಊರು ಬಿಟ್ಟ ಮೇಲೆ ಒಂದು ತಿಂಗಳು ಬೆಟ್ಟ ಕುಸಿಯಲಿಲ್ಲ. ಅಷ್ಟು ದಿನ ಬಾಗಿಲು ಹಾಕಿ ಕೂರೋದು ಸಣ್ಣ ನಷ್ಟ ಅಲ್ಲ. ಯಂತ್ರ ಎಚ್ಚರಿಕೆ ಕೊಡಬಹುದು, ಮುಹೂರ್ತ ಇಟ್ಟು ಕೊಡೋದು ಕಷ್ಟ. ಹಾಗಾಗಿ ಅಂಗಡಿ ಮುಚ್ಚಿ ಅನ್ನೋವಾಗ ಆ ದಿನಗಳ ಪರಿಹಾರ ಯಾರು ಕೊಡ್ತಾರೆ ಅನ್ನೋದೂ ಮೊದಲೇ ತೀರ್ಮಾನ ಆಗಿರಬೇಕು. ಇಲ್ಲಾಂದ್ರೆ ಎರಡನೇ ಸಲ ಯಾರೂ ಕದಲಲ್ಲ.

ನಮ್ಮ ಘಟ್ಟಕ್ಕೆ ಸರಿಹೊಂದುತ್ತಾ?

ಅರ್ಧ ಹೌದು, ಅರ್ಧ ಇಲ್ಲ.

* ಮಂಜು, ಜಡಿಮಳೆ, ಕತ್ತಲಲ್ಲಿ ಕ್ಯಾಮೆರಾ ಕುರುಡು. ನಮ್ಮಲ್ಲಿ ಗುಡ್ಡ ಕುಸಿಯೋದೇ ಅಂಥ ಹೊತ್ತಲ್ಲಿ. ರಾಡಾರ್ ಆ ಹೊತ್ತಲ್ಲೂ ನೋಡುತ್ತೆ, ಆದರೆ ಬೆಲೆ ಬಹಳ ಜಾಸ್ತಿ.
* ಕಾಡು, ಪೊದೆ ಇದ್ದರೆ ಗಾಳಿಗೆ ಎಲೆ ಅಲುಗಿದ್ದೂ ಜಾರಿದ ಹಾಗೇ ಕಾಣುತ್ತೆ.
* ಭಾರೀ ಮಳೆಗೆ ನೆನೆದ ಮಣ್ಣು ಕೆಲವೊಮ್ಮೆ ನಿಮಿಷಗಳಲ್ಲಿ ಹರಿದು ಬರುತ್ತೆ. ಮುನ್ಸೂಚನೆಗೆ ಸಮಯವೇ ಇರಲ್ಲ.

ಆದರೆ ಹೆದ್ದಾರಿಗಾಗಿ ನೇರ ಕಡಿದ ಬೋಳು ಧರೆ, ಕಲ್ಲುಬಂಡೆಯ ಇಳಿಜಾರು ಇರೋ ಕಡೆ ಕ್ಯಾಮೆರಾ ಉಪಯೋಗಕ್ಕೆ ಬರುತ್ತೆ. ಜೊತೆಗೆ ಮಳೆಮಾಪಕ, ನೆಲದೊಳಗಿನ ನೀರಿನ ಒತ್ತಡ ಅಳೆಯೋ ಸೆನ್ಸರ್ ಬೇಕು. ಕೇರಳದ ಮುನ್ನಾರ್‌ನಲ್ಲಿ ಅಮೃತಾ ವಿಶ್ವವಿದ್ಯಾಪೀಠದವರು ಇಂಥ ಸೆನ್ಸರ್‌ಗಳನ್ನು ಹಾಕಿ ವರ್ಷಗಳೇ ಆದವು.

ಅಲ್ಲೀವರೆಗೆ ನಾವೇನು ಮಾಡಬಹುದು?

ಧರೆಯ ಮೇಲೆ ಬಿರುಕು ಕಂಡರೆ ಅದರ ಎರಡೂ ಬದಿ ಗೂಟ ಹೊಡೆದು ನಡುವಿನ ಅಂತರ ಟೇಪಿನಲ್ಲಿ ಅಳೆದು ಬರೆದಿಡಿ. ಮಳೆ ಜೋರಿದ್ದಾಗ ಮಾತ್ರ ಹತ್ತಿರ ಹೋಗಬೇಡಿ. ದೂರದ ಒಂದೇ ಜಾಗದಲ್ಲಿ ನಿಂತು ದಿನಾ ಮೊಬೈಲಲ್ಲಿ ಫೋಟೋ ತೆಗೆದಿಟ್ಟರೆ ಅಧಿಕಾರಿಗಳಿಗೆ ತೋರಿಸೋಕೆ ದಾಖಲೆ ಆಗುತ್ತೆ. ಕಂಬ, ಮರ ವಾಲೋದು, ಬಾಗಿಲು ಇದ್ದಕ್ಕಿದ್ದ ಹಾಗೆ ಬಿಗಿಯಾಗೋದು, ಒರತೆ ನೀರು ಕೆಂಪಾಗೋದು ಇವೆಲ್ಲ ಗುಡ್ಡ ಕೊಡೋ ಸೂಚನೆಗಳು. ಇಂಥದ್ದು ಕಂಡರೆ ಮೊದಲು ಅಲ್ಲಿಂದ ಹೊರಡಿ, ಆಮೇಲೆ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ.